ಸ್ಪ್ಲಿಟ್‌ನಿಂದ ದುಬ್ರೋವ್ನಿಕ್‌ಗೆ ಸೈಕಲ್: ಕಿಲೋಮೀಟರ್ ಲೆಕ್ಕಕ್ಕಿಂತ ಮೊದಲು ಹಡಗಿನ ವೇಳೆ ನೋಡಿ

ಮೇ ತಿಂಗಳಲ್ಲಿ ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ದುಬ್ರೋವ್ನಿಕ್‌ಗೆ ಆರು ದಿನ, ನಡುವೆ ಬ್ರಾಚ್, ಹ್ವಾರ್, ಕೋರ್ಚುಲಾ ಮೂರೂ ದ್ವೀಪ, ನಂದಿ ಬೆಟ್ಟ ಹತ್ತಿ ಅಭ್ಯಾಸವಿದೆ, ದಿನಕ್ಕೆ ಎಷ್ಟು ಕಿ.ಮೀ. ಇಟ್ಟುಕೊಳ್ಳಲಿ ಎಂದು ಕೇಳಿದ್ದೀರಿ. ನಾನೂ ಇದೇ ಮೂರು ದ್ವೀಪಗಳನ್ನು ಕಿ.ಮೀ. ಲೆಕ್ಕದಲ್ಲಿ ಹಂಚಿಕೊಂಡು ಹೊರಟವನು. ಕೋರ್ಚುಲಾ ತಲುಪಲೇ ಇಲ್ಲ.

ತಪ್ಪಾದದ್ದು ಹ್ವಾರ್ ಪಟ್ಟಣದ ಹಡಗುಕಟ್ಟೆಯಲ್ಲಿ. ಕೋರ್ಚುಲಾಗೆ ಹೋಗುವ ಹಡಗಿಗೆ ಮೊದಲೇ ಟಿಕೆಟ್ ತೆಗೆದಿದ್ದೆ. ಹತ್ತುವಾಗ ಸೈಕಲ್ ಹಿಡಿಸುವುದಿಲ್ಲ ಎಂದರು. ಅದು ಕಟಮರಾನ್. ಆ ಕಡಲಿನಲ್ಲಿ ಎರಡು ಬಗೆಯ ಹಡಗು ಓಡುತ್ತವೆ. ಟ್ರಾಯೆಕ್ಟ್ ಎಂದರೆ ಬಾಯಿ ತೆರೆದು ಕಾರು, ಲಾರಿಗಳನ್ನು ಹೊಟ್ಟೆಗೆ ಹಾಕಿಕೊಳ್ಳುವ ನಿಧಾನದ ಹಡಗು. ಸೈಕಲ್ಲಿಗೆ ಬೇರೆ ಸಣ್ಣ ಟಿಕೆಟ್, ತಳಮಹಡಿಯ ಗೋಡೆಗೆ ಒರಗಿಸಿ ಕಟ್ಟಿದರೆ ಮುಗಿಯಿತು. ಕಟಮರಾನ್ ಎಂದರೆ ಜನರನ್ನಷ್ಟೇ ಒಯ್ಯುವ ವೇಗದ ಹಡಗು. ಅದರಲ್ಲಿ ಬಸ್ಸಿನಂತೆ ಮುಚ್ಚಿದ ಕೋಣೆ, ಹಿಂದೆ ಬ್ಯಾಗಿಗಷ್ಟೇ ಜಾಗ. ಅಲ್ಲಿ ಸೈಕಲ್ಲಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ.

ಈ ಗೊಂದಲಕ್ಕೆ ಊರಿನ ಹೆಸರೇ ಕಾರಣ. ಹ್ವಾರ್ ಎಂಬುದು ದ್ವೀಪದ ಹೆಸರು, ಅದರ ಪಶ್ಚಿಮ ತುದಿಯ ಪಟ್ಟಣದ ಹೆಸರೂ ಹೌದು. ಸ್ಪ್ಲಿಟ್‌ನಿಂದ ಬರುವ ಟ್ರಾಯೆಕ್ಟ್ ನಿಲ್ಲುವುದು ಆ ಪಟ್ಟಣದಲ್ಲಲ್ಲ, ಗುಡ್ಡದ ಆಚೆ ಇರುವ ಸ್ತಾರಿ ಗ್ರಾದ್‌ನಲ್ಲಿ. ನಾನು ದ್ವೀಪಕ್ಕೆ ಬಂದದ್ದೂ ಅದರಲ್ಲೇ, ಸೈಕಲ್ ಬಗ್ಗೆ ಯಾರೂ ಒಂದು ಮಾತು ಕೇಳಿರಲಿಲ್ಲ. ಹಾಗಾಗಿ ಎಲ್ಲ ಹಡಗೂ ಹೀಗೇ ಎಂದುಕೊಂಡೆ. ನಕ್ಷೆಯಲ್ಲಿ ಎರಡೂ ಒಂದೇ ಥರದ ಚುಕ್ಕೆಗೆರೆ. ವೇಳಾಪಟ್ಟಿಯಲ್ಲಿ 'ಹ್ವಾರ್' ಎಂದು ಹುಡುಕಿದರೆ ಕಟಮರಾನ್‌ಗಳೇ ಮೊದಲು ಸಿಗುತ್ತವೆ. ತಪ್ಪದಿರಲು ಒಂದು ಪರೀಕ್ಷೆ ಸಾಕು: ಅದೇ ಓಟಕ್ಕೆ ಕಾರಿನ ಟಿಕೆಟ್ ಮಾರುತ್ತಾರೆಯೇ ನೋಡಿ. ಕಾರಿಗೆ ಟಿಕೆಟ್ ಇಲ್ಲವೆಂದರೆ ನಿಮ್ಮ ಸೈಕಲ್ಲಿಗೂ ಜಾಗವಿಲ್ಲ ಎಂದೇ ತಿಳಿಯಿರಿ.

ಮರುದಿನ ಹ್ವಾರ್ ಪಟ್ಟಣದಿಂದ ಪೂರ್ವ ತುದಿಯ ಸುಚುರಾಯ್‌ವರೆಗೆ ಸುಮಾರು 80 ಕಿ.ಮೀ. ತುಳಿದೆ. ಯೆಲ್ಸಾ ದಾಟಿದ ಮೇಲೆ ಏರಿಳಿತ, ತಿರುವು ಬಿಟ್ಟರೆ ಏನಿಲ್ಲ, ಅಂಗಡಿ ಅಪರೂಪ. ಸುಚುರಾಯ್‌ನಿಂದ ದ್ರ್ವೆನಿಕ್‌ಗೆ ಅರ್ಧ ಗಂಟೆಯ ಟ್ರಾಯೆಕ್ಟ್, ಅಲ್ಲಿಂದ ಪ್ಲೋಚೆವರೆಗೆ ಹೆದ್ದಾರಿ. ಪ್ಲೋಚೆಯಿಂದ ಕೋರ್ಚುಲಾ ಕಡೆಯ ತ್ರ್‌ಪಾನ್‌ಗೆ ಹೋಗುವ ದಿನದ ಕೊನೆಯ ಹಡಗು ಅಷ್ಟರಲ್ಲಿ ಹೊರಟಾಗಿತ್ತು. ಕೋರ್ಚುಲಾದ ಕೋಣೆಗೆ ಕೊಟ್ಟ ಹಣವೂ ಹೋಯಿತು, ಆ ದ್ವೀಪಕ್ಕೆಂದು ಇಟ್ಟ ದಿನವೂ ಹೋಯಿತು.

ಅದಕ್ಕೇ ದಿನಕ್ಕೆ ಎಷ್ಟು ಕಿ.ಮೀ. ಎಂಬ ಪ್ರಶ್ನೆಯನ್ನೇ ಪಕ್ಕಕ್ಕಿಡಿ ಎನ್ನುತ್ತೇನೆ. ಮೊದಲು ಟ್ರಾಯೆಕ್ಟ್ ವೇಳೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ, ಅವುಗಳ ನಡುವೆ ಸೈಕಲ್ ತುಂಬಿಸಿ. ಮೇ ತಿಂಗಳಲ್ಲಿ ಬೇಸಿಗೆಯ ಪೂರ್ತಿ ವೇಳಾಪಟ್ಟಿ ಶುರುವಾಗಿರುವುದಿಲ್ಲ, ಓಟಗಳು ಕಡಿಮೆ. ಜುಲೈ ತಿಂಗಳ ಪಟ್ಟಿ ನೋಡಿ ಯೋಜನೆ ಹಾಕಬೇಡಿ.

ಹ್ವಾರ್ ಬಿಟ್ಟುಬಿಡಿ. ಚೆಲುವಿಲ್ಲವೆಂದು ಹೇಳುತ್ತಿಲ್ಲ, ಸ್ತಾರಿ ಗ್ರಾದ್ ಪಕ್ಕದ ಬಯಲು ಗ್ರೀಕರು ಹೊಲ ಹಂಚಿಕೊಂಡ ಕಾಲದ ಕಲ್ಲಿನ ಗಡಿಗಳೊಂದಿಗೆ ಇಂದಿಗೂ ಉಳಿದಿದೆ, 2008ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಆದರೆ ಆರು ದಿನದಲ್ಲಿ ಅದನ್ನು ಸೇರಿಸಿದರೆ ಉಳಿದೆರಡೂ ಓಡಿಕೊಂಡು ನೋಡಿದಂತಾಗುತ್ತದೆ.

ನಾನು ಹೇಳುವ ದಾರಿ ಇದು. ಮೊದಲ ದಿನ ಸ್ಪ್ಲಿಟ್‌ನಿಂದ ಬ್ರಾಚ್ ದ್ವೀಪದ ಸುಪೆತಾರ್‌ಗೆ 50 ನಿಮಿಷದ ಟ್ರಾಯೆಕ್ಟ್, ಅಲ್ಲಿಂದ ನೆರೆಜಿಷ್ಚಾ ಏರಿ ಬೋಲ್‌ಗೆ ಸುಮಾರು 40 ಕಿ.ಮೀ. ಕಾಲಲ್ಲಿ ಶಕ್ತಿಯಿದ್ದರೆ ನಡುವೆ ವಿದೋವಾ ಗೋರಾ ಹತ್ತಿ. 780 ಮೀಟರ್, ಏಡ್ರಿಯಾಟಿಕ್ ದ್ವೀಪಗಳಲ್ಲೇ ಎತ್ತರದ ಶಿಖರ, ಮೇಲಿನವರೆಗೂ ಡಾಂಬರು ರಸ್ತೆಯಿದೆ. ಎರಡನೆಯ ದಿನ ಪುಚಿಷ್ಚಾ ಮೇಲೆ ಹಿಂತಿರುಗಿ ಬನ್ನಿ. ಅದು ಕಲ್ಲುಕುಟಿಗರ ಊರು, ಅಲ್ಲಿನ ಶಾಲೆಯಲ್ಲಿ ಮಕ್ಕಳು ಕೈ ಉಳಿಯಲ್ಲೇ ಬಿಳಿ ಕಲ್ಲು ಕೆತ್ತಲು ಕಲಿಯುತ್ತಾರೆ. ಸ್ಪ್ಲಿಟ್‌ಗೆ ಮರಳಿ, ಮೂರನೆಯ ದಿನ ಕೋರ್ಚುಲಾ ದ್ವೀಪದ ವೇಲಾ ಲೂಕಾಗೆ ಟ್ರಾಯೆಕ್ಟ್. ಈ ಹಡಗು ದಿನಕ್ಕೆ ಒಂದೋ ಎರಡೋ. ನಿಮ್ಮ ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ, ಇದನ್ನೇ ಮೊದಲು ಗುರುತು ಮಾಡಿಕೊಳ್ಳಿ. ನಾಲ್ಕನೆಯ ದಿನ ಬ್ಲಾತೊ, ಚಾರಾ, ಪುಪ್ನಾತ್ ಮೂಲಕ ಕೋರ್ಚುಲಾ ಪಟ್ಟಣಕ್ಕೆ ಸುಮಾರು 45 ಕಿ.ಮೀ. ಐದನೆಯ ದಿನ ಪಟ್ಟಣದಿಂದ ಸ್ವಲ್ಪ ದೂರದ ದೋಮಿಂಚೆ ಕಟ್ಟೆಯಿಂದ ಒರೆಬಿಚ್‌ಗೆ ದಾಟಿ, ಪೆಲೆಷಾತ್ಸ್ ಪರ್ಯಾಯದ್ವೀಪದ ಬೆನ್ನ ಮೇಲೆ ಸ್ತೋನ್‌ವರೆಗೆ 60 ಕಿ.ಮೀ. ಆರು ದಿನದಲ್ಲಿ ಕಷ್ಟದ್ದು ಇದೇ, ಬೆಳಿಗ್ಗೆ ಬೇಗ ಹೊರಡಿ. ಆರನೆಯ ದಿನ ದುಬ್ರೋವ್ನಿಕ್.

ಈ ದಾರಿಯ ಇನ್ನೊಂದು ಗುಣ ವೀಸಾಕ್ಕೆ ಸಂಬಂಧಿಸಿದ್ದು. ಕರಾವಳಿ ಹೆದ್ದಾರಿ ಹಿಡಿದರೆ ನೆಯುಮ್ ಎಂಬಲ್ಲಿ ಬೋಸ್ನಿಯಾದ ಸಣ್ಣ ತುಂಡು ಅಡ್ಡ ಬರುತ್ತದೆ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ವಲಯ) ಒಳಗಿದೆ, ಬೋಸ್ನಿಯಾ ಹೊರಗಿದೆ. ನಮ್ಮ ಪಾಸ್‌ಪೋರ್ಟಿನಲ್ಲಿ ಒಂದೇ ಪ್ರವೇಶದ ವೀಸಾ ಇದ್ದರೆ ನೆಯುಮ್‌ಗೆ ಕಾಲಿಟ್ಟ ಕೂಡಲೇ ಅದು ಮುಗಿಯುತ್ತದೆ, ವಾಪಸ್ ಬರಲಾಗದು. ಸ್ತೋನ್ ಮೂಲಕ ಹೋದರೆ ಆ ಗಡಿಯೇ ಎದುರಾಗುವುದಿಲ್ಲ.

ನಂದಿ ಬೆಟ್ಟದ ಅಭ್ಯಾಸ ಒಳ್ಳೆಯದೇ, ಆದರೆ ಅಲ್ಲಿ ಖಾಲಿ ಸೈಕಲ್ಲಿನಲ್ಲಿ ಒಂದು ಏರು. ಇಲ್ಲಿ 10-12 ಕಿಲೋ ಸಾಮಾನು, ದಿನಕ್ಕೆ ಮೂರು ನಾಲ್ಕು ಏರು. ಗೇರ್ ಹೀಗೆ ಲೆಕ್ಕ ಹಾಕಿ: ಮುಂದಿನ ಹಲ್ಲುಚಕ್ರದಲ್ಲಿ 34, ಹಿಂದಿನದರಲ್ಲಿ 28 ಹಲ್ಲಿದ್ದರೆ ಗಂಟೆಗೆ 7 ಕಿ.ಮೀ. ವೇಗದಲ್ಲಿ ಪೆಡಲ್ ನಿಮಿಷಕ್ಕೆ ಸುಮಾರು 45 ಸುತ್ತು ಮಾತ್ರ. ಆ ನಿಧಾನದ ಒತ್ತಡವೆಲ್ಲ ಮಂಡಿಗೆ. ಹಿಂದೆ 34 ಇದ್ದರೆ ಅದೇ ವೇಗಕ್ಕೆ 54 ಸುತ್ತು ಸಿಗುತ್ತದೆ. ಸ್ಪ್ಲಿಟ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡರೆ ಮುಂದೆ ಮೂರು ಹಲ್ಲುಚಕ್ರವಿರುವ ಟ್ರೆಕಿಂಗ್ ಸೈಕಲ್ ಕೇಳಿ, ಅದರ ಚಿಕ್ಕ ಹಲ್ಲುಚಕ್ರಕ್ಕೆ ಚೈನ್ ಇಳಿಯುತ್ತದೆಯೇ ಎಂದು ಅಂಗಡಿ ಮುಂದೆಯೇ ತುಳಿದು ನೋಡಿ. ಟೈರ್ 32 ಮಿ.ಮೀ.ಗಿಂತ ಸಣ್ಣದು ಬೇಡ. ಅಲ್ಲಿನ ರಸ್ತೆಗೆ ಹಾಕುವ ಸುಣ್ಣಕಲ್ಲಿನ ಜಲ್ಲಿ ಸವೆದು ಹೊಳಪಾಗುತ್ತದೆ. ಮಳೆ ಬಿದ್ದ ಮೊದಲ ಹೊತ್ತಿನಲ್ಲಿ ಇಳಿಜಾರಿನ ತಿರುವು ಎಣ್ಣೆ ಸವರಿದ ಹಾಗೆ. ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿದು ಬಿಡಿ, ತಿರುವಿನೊಳಗೆ ಹಿಡಿಯಬೇಡಿ. ಅದೇ ಸುಣ್ಣಕಲ್ಲು ನೀರನ್ನು ಮೇಲೆ ನಿಲ್ಲಗೊಡುವುದಿಲ್ಲ, ದಾರಿಯಲ್ಲಿ ತೊರೆ ಸಿಗುತ್ತದೆ ಎಂದು ನಂಬಬೇಡಿ. ಮೂರು ಲೀಟರ್ ಜೊತೆಗಿರಲಿ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್ಡು, ಹಣ್ಣು ಕೊಂಡಿಡಿ. ಸಸ್ಯಾಹಾರಿಯಾದರೆ ಬ್ಲಿತ್ವಾ ಕೇಳಿ: ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ.

ದಿಕ್ಕು ನೀವು ಸರಿಯಾಗಿಯೇ ಆರಿಸಿದ್ದೀರಿ, ತಿರುಗಿಸಬೇಡಿ. ಅಲ್ಲಿ ಬಲಬದಿಯ ಸಂಚಾರ, ದಕ್ಷಿಣಕ್ಕೆ ಹೋಗುವಾಗ ಕಡಲು ನಿಮ್ಮ ಬಲಕ್ಕೇ ಇರುತ್ತದೆ, ನೋಡಲು ನಿಲ್ಲಬೇಕೆಂದರೆ ರಸ್ತೆ ದಾಟಬೇಕಿಲ್ಲ. ಹವೆ ಚೆನ್ನಾಗಿರುವ ಮಧ್ಯಾಹ್ನ ಬೀಸುವ ಮಾಯೆಸ್ತ್ರಾಲ್ ವಾಯವ್ಯದಿಂದ ಬಂದು ಬೆನ್ನು ತಳ್ಳುತ್ತದೆ. ಯೂಗೊ ಆಗ್ನೇಯದ್ದು, ಮೋಡ ತಂದು ಎದುರು ನಿಲ್ಲುತ್ತದೆ. ಬೂರಾ ಬೆಟ್ಟದಿಂದ ಒಮ್ಮೆಲೇ ಇಳಿಯುವ ಗಾಳಿ. ಅದು ಬಲವಾಗಿ ಬೀಸುವ ದಿನ ಸೈಕಲ್ ಹೊರಗೆ ತೆಗೆಯಲೇಬೇಡಿ.

ಕೊನೆಯ ದಿನ ಹೆದ್ದಾರಿ ತಪ್ಪಿಸಲಾಗದು, ರಸ್ತೆಯಂಚಿನಲ್ಲಿ ಜಾಗವೂ ಇಲ್ಲ. ಬೆಳಿಗ್ಗೆ ಆರಕ್ಕೆ ಸ್ತೋನ್ ಬಿಡಿ, ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯಲಿ. ತ್ರ್‌ಸ್ತೆನೊದಲ್ಲಿ ನಿಂತು ರಸ್ತೆ ಪಕ್ಕದ ಎರಡು ಮುದಿ ಪ್ಲೇನ್ ಮರಗಳ ಕೆಳಗೆ ತಿಂಡಿ ತಿನ್ನಿ. ದುಬ್ರೋವ್ನಿಕ್ ಹೊರಗಿನ ದೊಡ್ಡ ಸೇತುವೆಯ ಮೇಲೆ ಅಡ್ಡಗಾಳಿ ಇದ್ದರೆ ಇಳಿದು ತಳ್ಳಿಕೊಂಡು ಹೋಗಿ. ಕೋಣೆಯನ್ನು ಹಳೆಯ ಕೋಟೆಯೊಳಗೆ ಹಿಡಿಯಬೇಡಿ, ಅಲ್ಲಿ ಎಲ್ಲೆಲ್ಲೂ ಮೆಟ್ಟಿಲು. ಬಸ್ ನಿಲ್ದಾಣವಿರುವ ಗ್ರುಜ್ ಸಾಕು. ಆ ಊರಿಗೆ ರೈಲಿಲ್ಲ, ಸ್ಪ್ಲಿಟ್‌ಗೆ ಬಸ್ಸಿನಲ್ಲೇ ಮರಳಬೇಕು. ಸೈಕಲ್ ಹಾಕಿಕೊಳ್ಳುವುದು ಬಿಡುವುದು ಚಾಲಕನ ಇಷ್ಟ, ಮುಂದಿನ ಚಕ್ರ ಬಿಚ್ಚಿ, ಕೈಯಲ್ಲಿ ಚಿಲ್ಲರೆ ಯೂರೋ ಹಿಡಿದು ಅರ್ಧ ಗಂಟೆ ಮೊದಲೇ ನಿಂತಿರಿ. ಟಿಕೆಟ್ ಕೊಳ್ಳುವಾಗ ಆ ಬಸ್ಸು ಬೋಸ್ನಿಯಾ ತಪ್ಪಿಸುವ ಪೆಲೆಷಾತ್ಸ್ ಸೇತುವೆ ಮೇಲೆ ಹೋಗುತ್ತದೋ ನೆಯುಮ್ ಮೂಲಕವೋ ಎಂದು ಕೇಳಿಕೊಳ್ಳಿ. ಒಂದೇ ಪ್ರವೇಶದ ವೀಸಾ ಇದ್ದರೆ ಸೇತುವೆಯ ಬಸ್ಸಿಗೇ ಕಾಯಿರಿ.