ತಮ್ಮ ಹಬ್ಬದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ

ಪ್ರಶ್ನೆ: ಅಕ್ಕಾ, ನಮ್ಮದು ಉಡುಪಿ ಕಡೆಯ ಕಥೊಲಿಕ್ ಮನೆ. ನನ್ನ ತಮ್ಮ ನಾಲ್ಕು ವರ್ಷದ ಹಿಂದೆ ಬಿಲೀವರ್ಸ್ (ಮೂರ್ತಿಗಳನ್ನು ಒಪ್ಪದ ಬೇರೆ ಕ್ರೈಸ್ತ ಸಭೆಯವರು) ಜೊತೆ ಸೇರಿಕೊಂಡ. ಚರ್ಚಿನ ಪೂಜೆಗೆ ಬರೋದು ಬಿಟ್ಟ, ಅದನ್ನು ಹೇಗೋ ನುಂಗಿಕೊಂಡೆವು. ಕಳೆದ ವರ್ಷ ತೆನೆ ಹಬ್ಬದ ದಿನ (ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ) ಅಮ್ಮ ಚರ್ಚಿನಿಂದ ತಂದ ತೆನೆಯ ಅಕ್ಕಿ ಪುಡಿ ಮಾಡಿ, ತೆಂಗಿನ ಹಾಲಲ್ಲಿ ಕಲಸಿ, ಎಲ್ಲರಿಗೂ ಸಣ್ಣ ಬಟ್ಟಲಲ್ಲಿ ಕೊಟ್ಟರು. ಇವನು ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಮರಿಯಮ್ಮನ ಮೂರ್ತಿ ಮುಂದೆ ಇಟ್ಟಿದ್ದು, ನನಗೆ ಬೇಡ" ಅಂದ. ಅಮ್ಮ ಏನೂ ಮಾತಾಡದೆ ಒಳಗೆ ಹೋದರು. ನಾನು "ಹಾಗಾದ್ರೆ ಇನ್ನು ಈ ಮನೆಗೆ ಬರಬೇಡ" ಅಂದುಬಿಟ್ಟೆ. ಅವತ್ತಿನಿಂದ ಮಾತಿಲ್ಲ. ಈ ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ನಾವಿಬ್ಬರೂ ಒಟ್ಟಿಗೆ ಕೂತು ಊಟ ಮಾಡಬೇಕು ಅಂತ ಅಮ್ಮನ ಆಸೆ. ಅವನು ಮಾಡಿದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸುತ್ತೆ. ತಪ್ಪನ್ನು ಸರಿ ಅನ್ನದೆ ಪ್ರೀತಿ ತೋರಿಸೋದು ಹೇಗೆ?
ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಪತ್ರ ಓದಿ ಮಡಚಿಟ್ಟ ಮೇಲೂ ನಿಮ್ಮ ಅಮ್ಮ ಸುಮ್ನೆ ಒಳಗೆ ಹೋದದ್ದು ಕಣ್ಣ ಮುಂದೆಯೇ ಇತ್ತು. ಹೊಸ ಅಕ್ಕಿಯ ಒಂದು ಚಮಚಕ್ಕಾಗಿ ದೂರದಲ್ಲಿರುವ ಮಕ್ಕಳಿಗೂ ತೆನೆ ಕಳಿಸಿಕೊಡುವ ಹಬ್ಬ ಅದು. ಪಕ್ಕದಲ್ಲೇ ಕೂತ ಮಗ ಬೇಡ ಅಂದರೆ ತಾಯಿಗೆ ಎಷ್ಟು ನೋವಾಗಿರಬೇಡ.

ಆದ್ರೆ ಒಂದು ಮಾತು. ನಿಮ್ಮ ತಮ್ಮ ಬಟ್ಟಲು ಸರಿಸಿದ್ದು ಅಮ್ಮನ ಮೇಲಿನ ಸಿಟ್ಟಿಗೆ ಅಂತ ನನಗೆ ಅನ್ನಿಸೋದಿಲ್ಲ. ತಿಂದರೆ ದೇವರಿಗೆ ತಪ್ಪಿ ನಡೆದಂತೆ ಅಂತ ಅವನು ನಿಜವಾಗಿ ನಂಬಿದ್ದಾನೆ. ಆ ನಂಬಿಕೆ ಸರಿಯಲ್ಲ ಅಂತ ನಾನೂ ಹೇಳ್ತೀನಿ. ಆದ್ರೂ ಅವನಿಗೆ ಅವತ್ತು ಹೆದರಿಕೆ ಇತ್ತು, ಅಮ್ಮನ ಮುಖ ನೋಡಿ ಸಂಕಟವೂ ಆಗಿರಬಹುದು. ಅದನ್ನು ಅವನನ್ನು ಯಾರಾದ್ರೂ ಕೇಳಿದ್ದೀರಾ?

ಇದು ನಿಮ್ಮ ಮನೆಯಲ್ಲೇ ಮೊದಲು ಆದದ್ದಲ್ಲ. ಬೈಬಲಿನಲ್ಲಿ ಸಂತ ಪೌಲರು ರೋಮ್‌ನ ಸಭೆಗೆ ಬರೆದ ಪತ್ರದ 14ನೇ ಅಧ್ಯಾಯ ತೆಗೆದು ನೋಡಿ. ಅಲ್ಲೂ ಜಗಳ ಊಟದ್ದು, ಹಬ್ಬದ ದಿನದ್ದು. ಕೆಲವರು ತರಕಾರಿ ಮಾತ್ರ ತಿನ್ನುತ್ತಿದ್ದರು, ಕೆಲವರು ಎಲ್ಲವನ್ನೂ. ಕೆಲವರಿಗೆ ಒಂದು ದಿನ ವಿಶೇಷ, ಉಳಿದವರಿಗೆ ಎಲ್ಲಾ ದಿನವೂ ಒಂದೇ. ಯಾವ ಆಹಾರವೂ ತನ್ನಷ್ಟಕ್ಕೇ ಅಶುದ್ಧವಲ್ಲ ಅಂತ ಪೌಲರು ತಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತಾರೆ. ಹೇಳಿ, ತಿನ್ನುವವನು ತಿನ್ನದವನನ್ನು ಕೀಳಾಗಿ ಕಾಣಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಅಂತ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳುತ್ತಾರೆ. ನಿಮ್ಮ ಪಾಲಿಗೆ ಬರುವುದು ಮೊದಲನೆಯ ಮಾತು. ಎರಡನೆಯದು ತಮ್ಮನ ಪಾಲಿನದು, ಅದನ್ನು ನೀವು ಅವನಿಗೆ ಓದಿ ಹೇಳೋಕೆ ಹೋಗಬೇಡಿ.

ಬೈಬಲಿನ ಸಮಾರ್ಯದ ಹೆಂಗಸಿನ ಕಥೆ ನಿಮಗೆ ಗೊತ್ತು. ಯೆಹೂದ್ಯರಿಗೂ ಸಮಾರ್ಯದವರಿಗೂ ಇದ್ದ ಜಗಳ ಸಣ್ಣದಲ್ಲ. ದೇವರನ್ನು ಆರಾಧಿಸಬೇಕಾದ ಜಾಗ ಜೆರುಸಲೇಮಾ, ಗೆರಿಜ್ಜೀಮ್ ಬೆಟ್ಟವಾ ಅನ್ನೋದು. ಯೇಸು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ ಯೆಹೂದ್ಯ ದೊರೆಯೊಬ್ಬ ಆ ಬೆಟ್ಟದ ದೇವಾಲಯವನ್ನೇ ಕೆಡವಿಸಿದ್ದ. ಅಂಥಾ ಹಗೆಯ ನಡುವೆ ಯೇಸುಸ್ವಾಮಿ ಬಾವಿ ಹತ್ತಿರ ಕೂತು ಆ ಹೆಂಗಸನ್ನು ಕುಡಿಯೋಕೆ ನೀರು ಕೇಳಿದರು. ಅವಳಿಗೇ ಆಶ್ಚರ್ಯ. ಆಮೇಲೆ ಅವಳು ಬೆಟ್ಟದ ವಿಷಯ ಎತ್ತಿದಾಗ, ನೀವು ಅರಿಯದ್ದನ್ನು ಆರಾಧಿಸುತ್ತೀರಿ ಅಂತ ನೇರವಾಗಿಯೇ ಹೇಳಿದರು. ಆದ್ರೂ ಆ ಊರಿನವರು ಕರೆದರೆಂದು ಅಲ್ಲಿ ಎರಡು ದಿನ ಉಳಿದರು. ಭಿನ್ನಾಭಿಪ್ರಾಯವನ್ನು ಮುಚ್ಚಿಡಲಿಲ್ಲ. ಆದ್ರೆ ಮೊದಲು ಅವಳಿಂದ ನೀರು ಕೇಳಿದರು.

ಇದು ನನಗೆ ಅರ್ಥ ಆದದ್ದು ಬಹಳ ತಡವಾಗಿ. ನನ್ನ ನಾದಿನಿಯೂ ನಿಮ್ಮ ತಮ್ಮನ ಹಾಗೇ ಬೇರೆ ಸಭೆಗೆ ಹೋದವಳು. ಆರು ವರ್ಷ ಸಿಕ್ಕಾಗೆಲ್ಲಾ ವಚನಕ್ಕೆ ವಚನ ಎತ್ತಿ ವಾದ ಮಾಡಿದೆವು. ಹಬ್ಬಕ್ಕೆ ನಾನು ಕೊಟ್ಟು ಕಳಿಸಿದ್ದೇ ಕಳಿಸಿದ್ದು, ಅವಳಿಂದ ಏನನ್ನೂ ತಗೊಳ್ಳುತ್ತಿರಲಿಲ್ಲ. ಆಮೇಲೆ ನನಗೆ ಆಪರೇಷನ್ ಆದಾಗ ಅವಳು ಹನ್ನೊಂದು ರಾತ್ರಿ ಆಸ್ಪತ್ರೆಯಲ್ಲಿ ಕೂತಳು. ಬೆಳಿಗ್ಗೆ ಸಿಕ್ಕುಗಟ್ಟಿದ ಕೂದಲನ್ನು ತುದಿಯಿಂದ ಬಿಡಿಸಿ ಬಾಚೋಳು, ಬಾಚಿ ಜಡೆ ಹಾಕಿ ಒಂದು ನಿಮಿಷ ಸುಮ್ನೆ ನಿಲ್ಲೋಳು. ಪ್ರಾರ್ಥನೆ ಮಾಡಲಾ ಅಂತ ಕೇಳೋಕೆ ಅವಳಿಗೆ ಹೆದರಿಕೆ ಅಂತ ನಾಲ್ಕನೇ ದಿನ ಹೊಳೀತು. ನಾನೇ ಕೇಳಿದೆ, "ನನಗಾಗಿ ಪ್ರಾರ್ಥಿಸ್ತೀಯಾ?" ಅಂತ. ತಲೆ ಮೇಲೆ ಕೈ ಇಟ್ಟು ಅಳ್ತಾ ಪ್ರಾರ್ಥಿಸಿದಳು. ಮರಿಯಮ್ಮನ ಬಗ್ಗೆ ಇವತ್ತಿಗೂ ನಮ್ಮಿಬ್ಬರ ಮಾತು ಕೂಡುವುದಿಲ್ಲ. ಆದ್ರೆ ಅವತ್ತಿನಿಂದ ಅವಳು ನನ್ನ ಎದುರಿನ ಕಡೆಯವಳಲ್ಲ.

ಹಾಗಾಗಿ ಹಬ್ಬಕ್ಕೆ ಮೊದಲೇ ನೀವು ತಮ್ಮನ ಮನೆಗೆ ಹೋಗಿ. ಫೋನ್ ಬೇಡ. ಮನೆಗೆ ಬರಬೇಡ ಅಂದದ್ದು ನನ್ನ ತಪ್ಪು ಅಂತ ಹೇಳಿ. ಅಷ್ಟಕ್ಕೆ ಮಾತ್ರ ಕ್ಷಮೆ ಕೇಳಿ, ಅದಕ್ಕೆ "ಆದ್ರೆ ನೀನೂ" ಅಂತ ಬಾಲ ಸೇರಿಸಬೇಡಿ. ಆಮೇಲೆ ಅವನು ಆ ಸಭೆಗೆ ಹೋದದ್ದು ಹೇಗೆ ಅಂತ ಕೇಳಿ. ಕಷ್ಟ ಬಂದಾಗ ಯಾರೋ ಬಂದು ಪಕ್ಕದಲ್ಲಿ ಕೂತಿರುತ್ತಾರೆ, ಆಗ ನಾವು ಬಂದಿರುವುದಿಲ್ಲ, ಹಾಗೆ ಹೋದವರನ್ನು ನಾನು ಬಹಳ ಜನರನ್ನು ಕಂಡಿದ್ದೀನಿ. ಉತ್ತರ ಕೊಡದೆ ಕೇಳಿಸಿಕೊಳ್ಳಿ. ಅವನ ಮಾತನ್ನು ನೀವು ತಿರುಗಿ ಹೇಳಿದಾಗ "ಹೌದಣ್ಣ, ಅದೇ" ಅಂತ ಅವನು ಅನ್ನಬೇಕು, ಅಲ್ಲಿವರೆಗೆ ನಿಮ್ಮ ಸರದಿ ಬಂದಿಲ್ಲ ಅಂದುಕೊಳ್ಳಿ. ಸರದಿ ಬಂದಾಗ ಸ್ಪಷ್ಟವಾಗಿ ಹೇಳಿ: ನಾವು ಆರಾಧಿಸೋದು ದೇವರನ್ನು ಮಾತ್ರ, ಮರಿಯಮ್ಮನನ್ನು ತಾಯಿ ಅಂತ ಗೌರವಿಸ್ತೀವಿ, ತೆನೆ ಹೊಸ ಬೆಳೆಗೆ ದೇವರಿಗೆ ಹೇಳುವ ಕೃತಜ್ಞತೆ, ನೀನು ಬಟ್ಟಲು ಸರಿಸಿದ್ದರಿಂದ ಅಮ್ಮನಿಗೆ ನೋವಾಯಿತು. ಒಮ್ಮೆ ಹೇಳಿದರೆ ಸಾಕು.

ಹಬ್ಬದ ದಿನ ಆ ಬಟ್ಟಲನ್ನು ಅವನ ಮುಂದೆ ಇಡೋದು ಬೇಡ, ಅಮ್ಮನಿಗೆ ಮೊದಲೇ ತಿಳಿಸಿರಿ. ಎಲೆ ತುಂಬಾ ಅನ್ನ, ತರಕಾರಿ ಪಲ್ಯಗಳು ಇರುತ್ತವಲ್ಲ, ಅದನ್ನು ಅವನು ತಿನ್ನುತ್ತಾನೆ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಅವನ ಕೈಲಿ ಹೇಳಿಸಿ. ನಿಮ್ಮ ಮನೆಯಲ್ಲಿ ಅವನಿಂದ ಕೇಳಿ ತಗೊಳ್ಳುವಂಥದ್ದು ಅದೇ.

ಪ್ರಶ್ನೆ: ಗದ್ದೆ ಬದುವಿನ ಜಗಳದಲ್ಲಿ ಪಕ್ಕದವರು ನನ್ನ ಮಗನ ತಲೆಗೆ ಹೊಡೆದು ಆರು ಹೊಲಿಗೆ ಬಿತ್ತು. ಪೊಲೀಸ್ ದೂರು ಕೊಟ್ಟಿದ್ದೇವೆ. ಈಗ ಊರವರು "ನೀವು ಕ್ರೈಸ್ತರಲ್ವಾ, ಕ್ಷಮಿಸಿ ದೂರು ವಾಪಸ್ ತಗೊಳ್ಳಿ" ಅಂತಾರೆ. ಏನು ಮಾಡಲಿ?
ಓದುಗರು, ಹಾಸನ

ಉತ್ತರ: ದೂರು ಇರಲಿ ತಾಯಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ 10 ಮತ್ತು 6 ವರ್ಷದ ಇಬ್ಬರು ಗಂಡು ಮಕ್ಕಳನ್ನೂ ವಾಹನದಲ್ಲೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಆದ್ರೆ ಕೇಸು ನಿಲ್ಲಲಿಲ್ಲ, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ತಾಯಿ ಘಟನೆಯ ನಂತರವೂ ವರ್ಷಗಟ್ಟಲೆ ಒಡಿಶಾದ ಬಾರಿಪದದಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮಾಡಿದರು. ಕ್ಷಮೆ ಅವರದು, ಶಿಕ್ಷೆ ಕಾನೂನಿನದು. ನೀವೂ ಸ್ಟೇಷನ್‌ನಲ್ಲಿ ನಡೆದದ್ದನ್ನು ನಡೆದಷ್ಟೇ ಹೇಳಿ, ಸಿಟ್ಟಿಗೆ ಒಂದಕ್ಷರವನ್ನೂ ಜಾಸ್ತಿ ಸೇರಿಸಬೇಡಿ. ಪಕ್ಕದ ಮನೆಯ ಮಕ್ಕಳು ನಿಮ್ಮ ಅಂಗಳಕ್ಕೆ ಬಂದರೆ ಮೊದಲಿನ ಹಾಗೇ ಮಾತಾಡಿಸಿ.