ಪತ್ರ ಓದುವ ಮುಂಚಿನ ಕೆಲಸವೇ ದೊಡ್ಡದು

ಎ ಅಂಡ್ ಇ ವಾಹಿನಿಯ ‘ಇಂಟರ್‌ವೆನ್ಷನ್’ ನೋಡಿ, ಅದರಲ್ಲಿ ಮಾಡುವಂತೆ ಕುಡಿಯುವ ಅಣ್ಣನನ್ನು ಕೂರಿಸಿಕೊಂಡು ಮನೆಯವರೆಲ್ಲ ಪತ್ರ ಓದಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. 2005ರಲ್ಲಿ ಶುರುವಾದ ಆ ಅಮೆರಿಕನ್ ಸರಣಿಯಲ್ಲಿ ವ್ಯಸನಿಗೆ ಗೊತ್ತಿರುವುದು ವ್ಯಸನದ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದಾರೆ ಎಂದಷ್ಟೇ. ಮನೆಯವರನ್ನು ಮಾತ್ರ ತಜ್ಞರು ಮೊದಲೇ ಕೂರಿಸಿಕೊಂಡು ತಯಾರು ಮಾಡಿರುತ್ತಾರೆ, ಚಿಕಿತ್ಸಾ ಕೇಂದ್ರದಲ್ಲಿ ಜಾಗವೂ ಕಾದಿರುತ್ತದೆ. ನೀವೂ ಬಟ್ಟೆಬರೆ ಚೀಲ ತುಂಬಿಡಿ. ಅಣ್ಣ ಚಿಕಿತ್ಸೆಗೆ ‘ಹೂಂ’ ಎಂದ ದಿನವೇ ಹೊರಡಬೇಕು. ‘ಸೋಮವಾರ ನೋಡೋಣ’ ಅಂದರೆ ಕೈತಪ್ಪಿತು.

ಪತ್ರದಲ್ಲಿ ‘ನಿನ್ನಿಂದ ಮನೆ ಹಾಳಾಯ್ತು’ ಬೇಡ. ‘ಅಮ್ಮನ ಆಪರೇಷನ್ ದಿನ ನೀನು ಬರಲಿಲ್ಲ, ನನಗೆ ಭಯವಾಯ್ತು’ ಎನ್ನುವಂಥ ಒಂದೆರಡು ಘಟನೆ ಸಾಕು. ‘ಇನ್ನು ನಿನ್ನ ಸಾಲ ತೀರಿಸುವುದಿಲ್ಲ’ ಎಂದು ಬರೆದರೆ ಹಾಗೇ ನಡೆದುಕೊಳ್ಳಬೇಕು. ಅಜ್ಜಿ ಹಿತ್ತಲ ಬಾಗಿಲಲ್ಲಿ ನೂರು ರೂಪಾಯಿ ತುರುಕಿದರೆ ಮುಗೀತು. ಬೆಳಿಗ್ಗೆ, ಕುಡಿಯುವ ಮುನ್ನವೇ ಮಾತಾಡಿ.

ದಿನವೂ ಕುಡಿಯುವವರಾದರೆ ಮನೆಯಲ್ಲೇ ದಿಢೀರನೆ ಬಿಡಿಸಬೇಡಿ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡು-ಮೂರನೇ ದಿನ ಸನ್ನಿ ಹಿಡಿಯಬಹುದು, ಪ್ರಾಣಕ್ಕೇ ಅಪಾಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.