‘ಅಮ್ಮ, ನೀನು ಗೇಟಿನ ಹತ್ತಿರ ಬರಬೇಡ’

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಜಾಗದಿಂದ ಬಂದ ಹಾಗಿವೆ. ಊರು ಬೇರೆ, ಶಾಲೆ ಬೇರೆ, ಆದರೆ ಮೂವರೂ ನಿಂತಿರುವುದು ಶಾಲೆಯ ಗೇಟಿನ ಮುಂದೆ. ನಾನು 34 ವರ್ಷ ಟೀಚರಾಗಿ ಆ ಗೇಟನ್ನು ಒಳಗಿನಿಂದ ನೋಡಿದವಳು. ಆದ್ದರಿಂದ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಮೂರಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮನೆಯವರು ಎಲೆಕ್ಟ್ರಿಷಿಯನ್. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕಿಕೊಡುತ್ತೇನೆ. ಮಗಳಿಗೆ 2018ರಲ್ಲಿ ಎಲ್‌ಕೆಜಿಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟು ಸಿಕ್ಕಿತು. ಈಗ ಆರನೇ ಕ್ಲಾಸು, ಚೆನ್ನಾಗಿ ಓದುತ್ತಾಳೆ. ಸಂಜೆ ಕರೆದುಕೊಂಡು ಬರಲು ಹೋದರೆ ಗೇಟಿನ ಹತ್ತಿರ ಏಳೆಂಟು ಜನ ತಾಯಂದಿರು ಒಟ್ಟಿಗೆ ನಿಂತಿರುತ್ತಾರೆ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಏನೋ ಹೇಳಿಕೊಂಡು ನಗುತ್ತಾರೆ. ಅವರ ವಾಟ್ಸಾಪ್ ಗ್ರೂಪಿಗೆ ನನ್ನನ್ನೂ ಸೇರಿಸಿ ಅಂತ ಎರಡು ಸಲ ಕೇಳಿದೆ, ಸೇರಿಸಲಿಲ್ಲ. ಸೈನ್ಸ್ ಪ್ರಾಜೆಕ್ಟಿಗೆ ಥರ್ಮಾಕೋಲ್ ತರಬೇಕು ಅನ್ನೋದು ಆ ಗ್ರೂಪಿನಲ್ಲಿ ಮಾತ್ರ ಬಂದಿತ್ತಂತೆ. ನನ್ನ ಮಗಳು ಬರಿಗೈಲಿ ಹೋದಳು. ಇದನ್ನೆಲ್ಲ ಹೇಗೋ ತಡೆದುಕೊಂಡೆ. ಮೊನ್ನೆ ಮಗಳೇ ‘ಅಮ್ಮ, ನೀನು ಗೇಟಿನ ಹತ್ತಿರ ಬರಬೇಡ, ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತಿರು’ ಅಂದಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಶಾಲೆ ಬದಲಾಯಿಸಲಾ? ಇಂಗ್ಲಿಷ್ ಕಲಿತು, ಒಳ್ಳೆ ಚೂಡಿದಾರ್ ಹಾಕಿಕೊಂಡು ಹೋಗಲಾ?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಆ ಟ್ರಾನ್ಸ್‌ಫಾರ್ಮರ್ ಹತ್ತಿರ ಬಂದು ನಿಂತೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಈ ವಯಸ್ಸಿನ ಮಕ್ಕಳು ಅಪ್ಪ ಅಮ್ಮನನ್ನು ದೂರ ನಿಲ್ಲಿಸುವುದು ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಅವನಪ್ಪ ಪೊಲೀಸ್ ಇನ್‌ಸ್ಪೆಕ್ಟರ್. ಜೀಪನ್ನು ಹಿಂದಿನ ಬೀದಿಯ ಹಿಟ್ಟಿನ ಗಿರಣಿ ಹತ್ತಿರವೇ ನಿಲ್ಲಿಸಬೇಕು ಅಂತ ಅವನ ಹಟ. ಅಲ್ಲಿಂದ ಬ್ಯಾಗು ಹೊತ್ತುಕೊಂಡು ನಡೆದೇ ಬರುತ್ತಿದ್ದ. ಹನ್ನೊಂದು ಹನ್ನೆರಡು ವರ್ಷಕ್ಕೆ ಮಕ್ಕಳಿಗೆ ಹಾಗನ್ನಿಸುತ್ತದೆ. ಹಾಗಾಗಿ ನಿಮ್ಮ ಮಗಳ ಮಾತಿನಲ್ಲಿ ಅರ್ಧ ವಯಸ್ಸಿನದು. ಇನ್ನರ್ಧ ಬೇರೆ ಇರಬಹುದು. ಅವರು ನಗುವುದನ್ನು ಅವಳೂ ನೋಡಿರಬಹುದು, ನಿಮಗಿಂತ ಚೆನ್ನಾಗಿ ಆ ಇಂಗ್ಲಿಷ್ ಅವಳಿಗೆ ಅರ್ಥವಾಗಿರಬಹುದು. ಅಮ್ಮನಿಗೆ ನಾಚಿಕೆಪಟ್ಟು ಹಾಗಂದಳು ಅಂತ ನೀವು ತಿಳಿದುಕೊಂಡಿದ್ದೀರಿ, ಅಲ್ವಾ? ಆ ನಗುವಿನ ಮುಂದೆ ಅಮ್ಮ ನಿಲ್ಲೋದು ಬೇಡ ಅಂತಲೂ ಒಂದು ಮಗು ಹಾಗೆ ಹೇಳುತ್ತದೆ. ನಾನು ಅಂಥ ಮಕ್ಕಳನ್ನು ಕಂಡಿದ್ದೇನೆ.

ಸ್ವಲ್ಪ ದಿನ ಅವಳು ಹೇಳಿದ ಕಡೆಯೇ ನಿಲ್ಲಿ. ಮುಖ ಊದಿಸಿಕೊಂಡು ನಿಲ್ಲಬೇಡಿ, ಸುಮ್ನೆ ನಿಲ್ಲಿ. ಮನೆಗೆ ನಡೆದುಕೊಂಡು ಬನ್ನಿ. ‘ಇವತ್ತು ಯಾರು ಏನಂದರು’ ಅಂತ ಕೆದಕಬೇಡಿ. ಪಕ್ಕ ಪಕ್ಕ ನಡೆಯುವಾಗ ಮುಖ ಮುಖ ನೋಡಬೇಕಾಗಿಲ್ಲ. ಅದಕ್ಕೇ ಏನೋ, ಮಕ್ಕಳು ಬಾಯಿ ಬಿಡುವುದು ಆಗಲೇ. ಒಂದು ದಿನ ತಾನಾಗಿ ಹೇಳುತ್ತಾಳೆ. ಅವತ್ತು ಅವರನ್ನು ಬೈಯಬೇಡಿ, ಅಳಲೂ ಬೇಡಿ. ‘ನನಗೂ ಬೇಜಾರಾಗಿತ್ತು ಕಣೇ’ ಅಂತ ಒಂದು ಮಾತು ಹೇಳಿದರೆ ಸಾಕು.

ಇನ್ನೊಂದು ವಿಷಯ ಅವಳಿಗೆ ಗೊತ್ತಿದೆಯಾ? ತನಗೆ ಸೀಟು ಹೇಗೆ ಸಿಕ್ಕಿತು ಅನ್ನೋದು. ಗೊತ್ತಿಲ್ಲದಿದ್ದರೆ ನೀವೇ ಹೇಳಿ, ಬೇರೆಯವರ ಬಾಯಿಂದ ಅವಳು ಕೇಳುವುದು ಬೇಡ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಖಾಸಗಿ ಶಾಲೆಯವರು ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಹಿಂದುಳಿದ ಮನೆಯ ಮಕ್ಕಳಿಗೆ ಕೊಡಬೇಕು ಅಂತ ಅದರಲ್ಲಿದೆ. ಶಾಲೆಯವರು ಕೋರ್ಟಿಗೆ ಹೋದಾಗ 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನಿಮ್ಮ ಮಗಳ ಪರವಾಗಿ ಸರ್ಕಾರ ಶಾಲೆಗೆ ದುಡ್ಡು ಕಟ್ಟುತ್ತದೆ. ಇದು ಆ ಶಾಲೆಯವರು ಹಾಕಿದ ಭಿಕ್ಷೆಯಲ್ಲ, ಗೇಟಿನ ಹತ್ತಿರ ನಿಂತವರ ಉಪಕಾರ ಅಂತೂ ಅಲ್ಲವೇ ಅಲ್ಲ.

ನಿಮಗೆ ವರ್ಷ ವರ್ಷಕ್ಕೆ ಒಂಟಿತನ ಜಾಸ್ತಿ ಆಗಿರಬೇಕು. ಅದಕ್ಕೂ ಒಂದು ಕಾರಣವಿದೆ. 2019ರಲ್ಲಿ ನಮ್ಮ ರಾಜ್ಯದಲ್ಲಿ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ಖಾಸಗಿ ಶಾಲೆಯವರು ಆರ್‌ಟಿಇ ಸೀಟು ಕೊಡಬೇಕಾಗಿಲ್ಲ ಅಂತಾಯಿತು. ಊರುಗಳಲ್ಲಿ ಹತ್ತಿರ ಒಂದಲ್ಲ ಒಂದು ಸರ್ಕಾರಿ ಶಾಲೆ ಇದ್ದೇ ಇರುತ್ತದೆ. ಹಾಗಾಗಿ ನಿಮ್ಮ ಮಗಳು ಸೇರಿದ್ದು ಹೆಚ್ಚುಕಡಿಮೆ ಕೊನೆಯ ದೊಡ್ಡ ಗುಂಪಿನಲ್ಲಿ. ದೊಡ್ಡ ಮಕ್ಕಳು ಮುಗಿಸಿಕೊಂಡು ಹೋದರು, ಅವರ ಅಮ್ಮಂದಿರೂ ಹೋದರು. ಕೆಳಗಿನ ಕ್ಲಾಸುಗಳಿಗೆ ನಿಮ್ಮಂಥವರು ಬರಲಿಲ್ಲ. ನಿಮ್ಮ ಜೊತೆ ನಿಲ್ಲುತ್ತಿದ್ದವರೇ ಇಲ್ಲವಾದರು. ಇದರಲ್ಲಿ ನಿಮ್ಮ ಸೀರೆಯದ್ದಾಗಲಿ ಮಾತಿನದ್ದಾಗಲಿ ತಪ್ಪೇನಿದೆ ಹೇಳಿ?

ಈಗ ವಾಟ್ಸಾಪ್. ಅವರು ನಿಮ್ಮ ಜೊತೆ ಕಾಫಿ ಕುಡಿಯಲೇಬೇಕು ಅಂತ ಕೇಳುವ ಹಾಗಿಲ್ಲ. ಆದರೆ ಥರ್ಮಾಕೋಲ್ ಮಾತು ಬೇರೆ. ಪ್ರಾಜೆಕ್ಟು ಕೊಟ್ಟದ್ದು ಶಾಲೆ. ಅದನ್ನು ಪ್ರತಿ ಮಗುವಿಗೂ ತಿಳಿಸಬೇಕಾದ್ದು ಶಾಲೆಯ ಕೆಲಸ. ಯಾರೋ ಒಬ್ಬ ತಾಯಿಗೆ ಹೇಳಿ ‘ಗ್ರೂಪಿಗೆ ಹಾಕಿಬಿಡಿ’ ಅಂದರೆ ಆಗಲಿಲ್ಲ. ಆರ್‌ಟಿಇ ಮಕ್ಕಳನ್ನು ಕ್ಲಾಸಿನಲ್ಲಿ ಬೇರೆ ಕೂರಿಸಬಾರದು, ಪುಸ್ತಕ, ಲೈಬ್ರರಿ, ಆಟ ಯಾವುದರಲ್ಲೂ ಭೇದ ಮಾಡಬಾರದು ಅಂತ ಕೇಂದ್ರದ ಮಾದರಿ ನಿಯಮದಲ್ಲೇ ಬರೆದಿದೆ. ಆದ್ದರಿಂದ ನೀವು ಕೇಳುವುದು ದೊಡ್ಡದೇನಲ್ಲ.

ಕ್ಲಾಸ್ ಟೀಚರನ್ನು ನೋಡಿ. ಆ ತಾಯಂದಿರ ಮೇಲೆ ದೂರು ಹೇಳಬೇಡಿ, ಹೇಳಿದರೆ ಮಾತು ಆ ಕಡೆಗೇ ಹೋಗುತ್ತದೆ. ‘ಮಿಸ್, ನಾನು ಆ ಗ್ರೂಪಿನಲ್ಲಿಲ್ಲ. ಏನು ತರಬೇಕು ಅನ್ನೋದನ್ನು ಡೈರಿಯಲ್ಲಿ ಬರೆಸಿ’ ಅನ್ನಿ, ಅಷ್ಟೆ. ಹದಿನೈದು ದಿನದಲ್ಲಿ ಸರಿಹೋಗದಿದ್ದರೆ ಹೆಡ್‌ಮಿಸ್ಸಿಗೆ ಕನ್ನಡದಲ್ಲೇ ನಾಲ್ಕು ಸಾಲು ಬರೆದು ಕೊಡಿ. ತಾರೀಖು ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬರೆದು ಕೊಟ್ಟ ಕಾಗದವನ್ನು ಶಾಲೆಯವರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ಕಡೆ ಕೂತು ನೋಡಿದವಳು ನಾನು, ನಂಬಿ.

ಚೂಡಿದಾರ್ ನಿಮಗೆ ಇಷ್ಟ ಇದ್ದರೆ ಹೊಲಿದುಕೊಳ್ಳಿ, ಆ ಏಳೆಂಟು ಜನರಿಗೋಸ್ಕರ ಬೇಡ. ಇಂಗ್ಲಿಷೂ ಹಾಗೇ. ಮಗಳ ಪುಸ್ತಕ ಓದಬೇಕು ಅನ್ನಿಸಿದರೆ ಅವಳಿಂದಲೇ ಕಲಿಯಿರಿ. ಆ ಗುಂಪಿಗೆ ಸೇರುವುದಕ್ಕೆ ಅಂತ ಕಲಿತರೆ ಅವರು ಇನ್ನೇನೋ ಹುಡುಕುತ್ತಾರೆ.

ಆದರೆ ಒಂದು ಮಾಡಿ. ನಾನು ಮೊದಲ ಮಹಡಿಯ ಸ್ಟಾಫ್ ರೂಮಿನ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಕಾರಿನವರು ಹೊಂಗೆ ಮರದ ನೆರಳಲ್ಲಿ, ಸ್ಕೂಟರಿನವರು ರಸ್ತೆ ಆಚೆ, ನಡೆದು ಬರುವವರು ಕಾಂಪೌಂಡಿಗೆ ಒರಗಿಕೊಂಡು. ಯಾರೂ ಗೆರೆ ಎಳೆದಿರಲಿಲ್ಲ. ಆದರೂ ಪ್ರತಿ ಗುಂಪಿನಲ್ಲೂ ಒಬ್ಬಿಬ್ಬರು ಅಂಚಿನಲ್ಲಿ ಇರುತ್ತಿದ್ದರು. ಬೇರೆಯವರು ನಕ್ಕಾಗ ನಗದೆ, ಗಡಿಯಾರ ನೋಡಿಕೊಂಡು ನಿಲ್ಲುವವರು. ನಿಮ್ಮ ಶಾಲೆಯಲ್ಲೂ ಅಂಥ ಒಬ್ಬರು ಸಿಗುತ್ತಾರೆ. ಅವರು ಒಬ್ಬರೇ ಇರುವಾಗ ‘ನಾಳೆ ಪಿಟಿ ಡ್ರೆಸ್ಸಾ?’ ಅಂತ ಕೇಳಿ. ಗುಂಪು ಬೇಡ, ಒಬ್ಬರ ಫೋನ್ ನಂಬರ್ ಸಾಕು.

ಶಾಲೆ ಬದಲಾಯಿಸುವ ಮಾತು. ಗೇಟಿನ ಕಾರಣಕ್ಕೆ ಬೇಡ. ದಿನಕ್ಕೆ ಹತ್ತು ನಿಮಿಷ ನೀವು ಅಲ್ಲಿ ಇರುತ್ತೀರಿ, ಅವಳು ಆರೇಳು ಗಂಟೆ ಒಳಗೆ ಇರುತ್ತಾಳೆ. ಒಳಗೆ ಅವಳು ಚೆನ್ನಾಗಿದ್ದಾಳಾ? ಜೊತೆ ಕೂತು ಡಬ್ಬಿ ತಿನ್ನುವ ಗೆಳತಿ ಇದ್ದಾಳಾ? ಇದ್ದರೆ ಅಲ್ಲಾಡಿಸಬೇಡಿ. ನೀವು ಈಗಿನಿಂದಲೇ ಯೋಚಿಸಬೇಕಾದ್ದು ಬೇರೆ. ಆರ್‌ಟಿಇ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಪೂರ್ತಿ ಫೀಸು ಎಷ್ಟು ಅಂತ ಆಫೀಸಿನಲ್ಲಿ ಈ ವರ್ಷವೇ ಕೇಳಿ ಬರೆದುಕೊಳ್ಳಿ. ಕಟ್ಟಲು ಆಗದು ಅನ್ನಿಸಿದರೆ ಒಂದು ಮಾತು ನೆನಪಿರಲಿ: ನಮ್ಮಲ್ಲಿ ಸರ್ಕಾರಿ ಪ್ರೌಢಶಾಲೆ ಶುರುವಾಗುವುದು ಎಂಟರಿಂದ. ಎಂಟಕ್ಕೇ ಸೇರಿಸಿದರೆ ಅವಳ ಹಾಗೆ ಹೊಸದಾಗಿ ಬಂದವರೇ ಸುತ್ತ ಇರುತ್ತಾರೆ. ಒಂಬತ್ತಕ್ಕೆ ಹೋದರೆ ಅಲ್ಲಿ ಆಗಲೇ ಗೆಳೆತನಗಳು ಆಗಿರುತ್ತವೆ. ಆದರೆ ಒಂದು ವರ್ಷದ ಉಚಿತ ಓದು ಬಿಟ್ಟುಕೊಟ್ಟ ಹಾಗಾಗುತ್ತದೆ. ಮನೆಯವರ ಜೊತೆ, ಮಗಳ ಜೊತೆಯೂ ಕೂತು ತೀರ್ಮಾನ ಮಾಡಿ.

ಪ್ರಶ್ನೆ: ನಾನು ಮಗನ ಕ್ಲಾಸಿನ ಅಮ್ಮಂದಿರ ಗ್ರೂಪಿನಲ್ಲಿದ್ದೇನೆ. ಮಗನಿಗೆ ಒಂಬತ್ತು ತುಂಬುತ್ತದೆ, ಮನೆಯಲ್ಲೇ ಬರ್ತ್‌ಡೇ ಪಾರ್ಟಿ. ಅವನಿಗೆ ಬೆಂಚಿನಲ್ಲಿ ಪಕ್ಕ ಕೂರುವ ಹುಡುಗ ಬರಲೇಬೇಕು. ಆ ಹುಡುಗನ ಅಪ್ಪ ತಳ್ಳುಗಾಡಿಯಲ್ಲಿ ಗೋಬಿ ಮಂಚೂರಿ ಮಾರುತ್ತಾರೆ. ಗ್ರೂಪಿನವರು ‘ನಮ್ಮ ಹತ್ತು ಮಕ್ಕಳು ಸಾಕು, ಅವರಿಗೂ ಮುಜುಗರ’ ಅನ್ನುತ್ತಾರೆ. ನಾನು ಏನೂ ಹೇಳಲಿಲ್ಲ. ಹೇಳಿದರೆ ನಾನೂ ಹೊರಗೆ. ಏನು ಮಾಡಲಿ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ನಿಮಗೆ ಒಂದು ಘಟನೆ ಹೇಳಬೇಕು. ಇದು ನಾನೇ ಮಾಡಿದ ತಪ್ಪು. ನಾಲ್ಕನೇ ಕ್ಲಾಸು, 38 ಮಕ್ಕಳು. ಒಬ್ಬಳು ಹುಡುಗಿ ಬಣ್ಣದ ಕಾರ್ಡು ತಂದು ‘ಮಿಸ್, ಹಂಚಲಾ?’ ಅಂದಳು. ನಾನು ನೋಟ್‌ಬುಕ್ ತಿದ್ದುತ್ತಿದ್ದೆ, ತಲೆ ಎತ್ತದೆ ಹೂಂ ಅಂದೆ. ಹನ್ನೆರಡು ಕಾರ್ಡು ಇತ್ತು. ಹಂಚಿ ಮುಗಿಯಿತು. ಮೂರನೇ ಬೆಂಚಿನ ಒಂದು ಮಗು ಬಗ್ಗಿ ಡೆಸ್ಕಿನ ಕೆಳಗೆ ಏನೋ ಹುಡುಕುತ್ತಿತ್ತು. ಏನಮ್ಮ ಅಂದೆ. ‘ನನ್ನ ಕಾರ್ಡು ಕೆಳಗೆ ಬಿದ್ದಿರಬೇಕು ಮಿಸ್’ ಅಂತು. ಕಾರ್ಡು ಬಿದ್ದಿರಲಿಲ್ಲ. ನಾನು ಎದ್ದುಹೋಗಿ ಅದರ ಜೊತೆ ಬಗ್ಗಿ ಹುಡುಕುವ ಹಾಗೆ ಮಾಡಿದೆ, ಬೇರೆ ಏನು ಮಾಡಬೇಕು ಅಂತ ಹೊಳೆಯಲೇ ಇಲ್ಲ. ಆಮೇಲೆ ನನ್ನ ಕ್ಲಾಸಿನಲ್ಲಿ ಇಡೀ ಕ್ಲಾಸಿಗೆ ಕೊಡದ ಕಾರ್ಡನ್ನು ಹಂಚಲು ಬಿಡಲಿಲ್ಲ. ಆ ಮಗುವಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ಆದ್ದರಿಂದ ಕರೆಯಿರಿ. ಗ್ರೂಪಿನಲ್ಲಿ ಚರ್ಚೆ ಬೇಡ, ಅವರ ಒಪ್ಪಿಗೆ ಕೇಳಬೇಡಿ. ಪಾರ್ಟಿ ನಿಮ್ಮ ಮನೆಯದು. ಆ ಹುಡುಗನ ಅಪ್ಪ ಅಮ್ಮನಿಗೆ ನೀವೇ ಫೋನ್ ಮಾಡಿ. ಮಗನ ಕೈಲಿ ಹೇಳಿಕಳಿಸಿದರೆ ಅವರು ಬರಲು ಹಿಂಜರಿಯುತ್ತಾರೆ. ಇನ್ನೊಂದು ಗಮನಿಸಿ: ಪಾರ್ಟಿ ಸಂಜೆ ಇಟ್ಟರೆ ಅದು ಅವರ ವ್ಯಾಪಾರದ ಹೊತ್ತು. ಗಾಡಿ ಬಿಟ್ಟು ಮಗನನ್ನು ಕರೆತರಲು ಆಗುವುದಿಲ್ಲ. ‘ನಾವೇ ಬಂದು ಕರೆದುಕೊಂಡು ಹೋಗುತ್ತೇವೆ, ಎಂಟು ಗಂಟೆಗೆ ತಂದು ಬಿಡುತ್ತೇವೆ’ ಅನ್ನಿ. ಇಲ್ಲವಾದರೆ ಭಾನುವಾರ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಗಿಫ್ಟ್ ಬೇಡ ಅಂತ ಎಲ್ಲರ ಕಾರ್ಡಿನಲ್ಲೂ ಬರೆಸಿ, ಅವರಿಗೊಬ್ಬರಿಗೇ ಹೇಳಬೇಡಿ. ರಿಟರ್ನ್ ಗಿಫ್ಟ್ ಕೊಡುವುದಾದರೆ ಎಲ್ಲ ಮಕ್ಕಳಿಗೂ ಒಂದೇ ಥರ, ಒಂದು ಪೆನ್ಸಿಲ್ ಡಬ್ಬಿ ಸಾಕು.

ಗ್ರೂಪಿನವರು ಬಿಟ್ಟರೆ? ಇಬ್ಬರು ಮೂವರು ಮುಖ ತಿರುಗಿಸಬಹುದು. ಅದು ಸುಲಭ ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಹಾಗೆಯೇ ಬಾಯಿ ಮುಚ್ಚಿಕೊಂಡು ಕೂತವರು ಆ ಗ್ರೂಪಿನಲ್ಲಿ ಇನ್ನೂ ಇದ್ದಾರೆ ಅಂತ ನನ್ನ ಅಂದಾಜು. ಪಾರ್ಟಿಯ ದಿನ ನೋಡಿ, ಯಾರು ಆ ಹುಡುಗನನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ ಅಂತ.

ಪ್ರಶ್ನೆ: ಹರಿಹರದ ಕಡೆಯವನು, 71 ವರ್ಷ. ಮಗನ ಮನೆಯಲ್ಲಿದ್ದು ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುತ್ತೇನೆ. ಪಂಚೆ, ಹೆಗಲ ಮೇಲೆ ಟವೆಲ್. ಮೊನ್ನೆ ಒಬ್ಬ ಹೆಣ್ಣುಮಗಳು ನನ್ನನ್ನು ಡ್ರೈವರ್ ಅಂದುಕೊಂಡು ‘ಗಾಡಿ ಸ್ವಲ್ಪ ಮುಂದಕ್ಕೆ ತಗೋ’ ಅಂದಳು. ಮೊಮ್ಮಗ ಪಕ್ಕದಲ್ಲೇ ಇದ್ದ. ಸೊಸೆ ಪ್ಯಾಂಟು ತಂದುಕೊಟ್ಟಿದ್ದಾಳೆ. ಹಾಕಿಕೊಳ್ಳಲಾ?
— ಒಬ್ಬ ಅಜ್ಜ

ಉತ್ತರ: ಹಿರಿಯರೇ, ನಮಸ್ಕಾರ. ಪಂಚೆಯೇ ಇರಲಿ. ನಿಮ್ಮ ಸೊಸೆ ಪ್ರೀತಿಯಿಂದ ತಂದಿದ್ದಾರೆ, ಅವರ ಮನಸ್ಸು ನೋಯಿಸಬೇಡಿ, ಬೇರೆ ಕಡೆ ಹೋಗುವಾಗ ಹಾಕಿಕೊಳ್ಳಿ. ನನಗೆ ಬೇಜಾರಾದದ್ದು ಆಕೆ ಡ್ರೈವರ್ ಅಂದುಕೊಂಡದ್ದಕ್ಕಲ್ಲ. ಡ್ರೈವರ್ ಆದರೆ ಏಕವಚನ ಸಾಕು ಅಂದುಕೊಂಡರಲ್ಲ, ಅದಕ್ಕೆ. ಆ ಡ್ರೈವರುಗಳಲ್ಲೂ ನಿಮ್ಮ ವಯಸ್ಸಿನವರು ಇದ್ದಾರೆ.

ಆಕೆ ಮತ್ತೆ ಸಿಕ್ಕಾಗ ನೀವೇ ಮೊದಲು ಮಾತಾಡಿಸಿ. ‘ನಾನು ಇವನ ತಾತ, ಹರಿಹರದವನು. ನಿಮ್ಮದು ಯಾವೂರು ತಾಯಿ?’ ಅಂತ ಕೇಳಿ. ಮೊಮ್ಮಗ ಪಕ್ಕದಲ್ಲಿ ಇರುವಾಗಲೇ ಕೇಳಿ. ಹಾಗೇ ಡ್ರೈವರುಗಳ ಪಕ್ಕ ಹೋಗಿ ನಿಂತು ಮಾತಾಡಿ. ಆ ಗೇಟಿನ ಹತ್ತಿರ ಅವರೂ ಗಂಟೆಗಟ್ಟಲೆ ಒಬ್ಬರೇ ಕಾಯುತ್ತಿರುತ್ತಾರೆ.